ಐದನೆಯ ರೀಲು

“ಹಿಂದಕ್ಕ ಸುತ್ತಬ್ಯಾಡ್ರಿ,” ಎಂದ ಯಂಕಪ್ಪ. “ಒಯ್ಯೋದಾದ್ರ ಒಯ್ರಿ. ನಿಮ್ಮ ಕಂಪನೀದು, ನಾ ಯಾರು ಬ್ಯಾಡನ್ನಾಕ. ಆದ್ರ ಹಿಂದಕ್ಕ ಮಾತ್ರ ಸುತ್ತಬ್ಯಾಡ್ರಿ.”

ನಿಶಾ ನಕ್ಕಳು. ಕಲ್ಯಾಣದ ಆ ಹಳೆಯ ಟಾಕೀಸಿನ ಪ್ರೊಜೆಕ್ಟರ್ ಕೋಣೆಯಲ್ಲಿ ನಗುವಿಗೆ ಜಾಗವಿರಲಿಲ್ಲ. ಗೋಡೆಗೆ ಬಡಿದು ಅಲ್ಲೇ ಬಿದ್ದಿತು. ಬಾವಲಿಯ ಹಿಕ್ಕೆ, ಯಂತ್ರದ ಹಳೆಯ ಎಣ್ಣೆ, ಇವೆರಡರ ಮೇಲೆ ವಿನೆಗರ್‌ನ ಹುಳಿ ವಾಸನೆ. ಆ ಹುಳಿ ಅವಳಿಗೆ ಗೊತ್ತಿದ್ದದ್ದೇ. ಹಳೆಯ ಫಿಲ್ಮು ಕೊಳೆಯುವಾಗ ಹಾಗೆ ನಾರುತ್ತದೆ.

ಠಾಣೆಯ ಒಂದು ಸಣ್ಣ ಕಂಪನಿಯಲ್ಲಿ ಅವಳು ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು. ಹಳೆಯ ಫಿಲ್ಮುಗಳನ್ನು ತೊಳೆದು, ಸ್ಕ್ಯಾನ್ ಮಾಡಿ, ಮತ್ತೆ ಥಿಯೇಟರಿಗೆ ಕಳಿಸುವ ಕೆಲಸ. ಈ ವರ್ಷ ಜನ ಹಳೆಯ ದೆವ್ವಗಳನ್ನು ನೋಡಲು ಮುಗಿಬೀಳುತ್ತಿದ್ದರು. ಅಜ್ಜಂದಿರು ಹೆದರಿದ್ದ ಸಿನಿಮಾಗಳಿಗೆ ಮೊಮ್ಮಕ್ಕಳು ಹೋಗಿ ನಗುತ್ತಿದ್ದರು. ಕಂಪನಿಯ ಮಾಲೀಕ ಮನೀಷ್ ರಕ್ತ ಹೀರುವ ಪಿಶಾಚಿಯ ಒಂದು ಹಿಂದಿ ಚಿತ್ರ ತಂದಿದ್ದ. ಮುಂಬ್ರಾದ ಗುಡ್ಡದ ಕೆಳಗಿನ ಯಾವುದೋ ಬಂಗಲೆಯಲ್ಲಿ ಮೂವತ್ತಾರು ವರ್ಷದ ಹಿಂದೆ ತೆಗೆದದ್ದು. ಒಟ್ಟು ಹದಿನಾಲ್ಕು ರೀಲು. ಹದಿಮೂರು ಠಾಣೆಗೆ ಬಂದಿದ್ದವು. ಐದನೆಯದು ಇಲ್ಲಿ, ಈ ತಗಡಿನ ಡಬ್ಬಿಯಲ್ಲಿ, ಕಪ್ಪು ದಾರ ಸುತ್ತಿಸಿಕೊಂಡು ಕೂತಿತ್ತು.

ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ರೀಲಿನ ಕೊನೆ ಹೊರಗಿತ್ತು, ಮೊದಲು ಒಳಗೆ. ಓಡಿ ಮುಗಿದ ರೀಲು ಹಾಗೇ ಇರುತ್ತದೆ. ಮತ್ತೆ ಓಡಿಸಬೇಕಾದರೆ ಹಿಂದಕ್ಕೆ ಸುತ್ತಿ ಮೊದಲನ್ನು ಹೊರಗೆ ತರಬೇಕು. ಸ್ಕ್ಯಾನ್ ಮಾಡುವುದಕ್ಕೂ ಅಷ್ಟೇ.

“ಒಂದು ಆಟ ಓಡಿಸಿ ಹಂಗೇ ಇಟ್ಟೇವ್ರಿ. ಆಮ್ಯಾಗ ಅಷ್ಟೂ ವರ್ಷ ನಾಕನೇ ರೀಲಿನ ಹಿಂದ ಆರನೇದು ಹಾಕೇವಿ. ಯಾರೂ ಕೇಳಲಿಲ್ಲ. ಅಂಥಾ ಪಿಚ್ಚರ್‌ದಾಗ ಒಂದು ರೀಲು ಹೋದ್ರ ಯಾರಿಗ್ ತಿಳೀತದ?”

“ಅಂಕಲ್, ಮನೀಷ್ ಸರ್ ಅದನ್ನೇ ಪೋಸ್ಟರ್‌ ಮೇಲೆ ಹಾಕಿದಾರೆ. ಕಳೆದುಹೋದ ಐದನೇ ರೀಲು, ಫಸ್ಟ್ ಟೈಮ್ ಅಂತ.”

ಸಾವಿನ ಸುದ್ದಿ ಕೇಳಿದವನಂತೆ ಯಂಕಪ್ಪ ಅವಳನ್ನು ನೋಡಿದ. ರಾಯಚೂರಿನಿಂದ ಲೋಡಿಂಗ್ ಕೆಲಸಕ್ಕೆ ಬಂದು, ಫಿಲ್ಮು ಡಬ್ಬಿ ಹೊರುತ್ತಾ ಹೊರುತ್ತಾ ಆಪರೇಟರ್ ಆದವನು. ರೀಲಿನ ಕಾಲ ಮುಗಿದ ಮೇಲೆ ಅದೇ ಟಾಕೀಸಿನ ವಾಚ್‌ಮನ್. ತಗ್ಗಿದ ದನಿಯಲ್ಲಿ ಹೇಳಿದ. ಚಿತ್ರ ಓಡಲಿ ಅಂತ ಪ್ರೊಡ್ಯೂಸರ್ ಮಾಟಗಾರನನ್ನು ಕರೆಸಿದ್ದ. ಈ ರೀಲಿನಲ್ಲಿ ಒಬ್ಬ ಹುಡುಗಿ ಸಾಯುತ್ತಾಳೆ. ಮಾಟಗಾರ ಆ ಹುಡುಗಿಯ ಒಂದು ಕೂದಲು ಕಿತ್ತು ರೀಲಿನ ಮೊದಲ ಜೋಡಣೆಯೊಳಗೆ, ಫಿಲ್ಮಿನ ಎರಡು ತುಂಡು ಸೇರುವಲ್ಲಿ, ಅಂಟಿಸಿದ. ಜನ ಕೂತು ನೋಡಿ ಚೀರಿದಾಗ ಅದು ಕುಡಿಯುತ್ತದೆ. ಆ ಹುಡುಗಿಯ ರಕ್ತವನ್ನೇ.

“ಮೊದಲನೇ ಆಟಕ್ಕ ಆಕಿ ಇಲ್ಲೇ ಬಾಲ್ಕನ್ಯಾಗ ಕುಂತಿದ್ಲು. ರೀಲು ಮುಗಿಯೋದ್ರಾಗ ಎಚ್ಚರಿಲ್ಲ. ಎತ್ತಿಕೊಂಡು ಹೋದ್ರು. ಅವತ್ತೇ ತಗದಿಟ್ಟೇವಿ.”

“ಹಿಂದಕ್ಕೆ ಸುತ್ತಿದ್ರೆ ಏನಾಗ್ತದೆ?”

“ಕುಡಿದದ್ದು ಆಕಿಗೆ ತಿರುಗಿ ಕೊಡ್ತದ. ಸುತ್ತಿದ ಕೈಯಾಗಿಂದು ತೊಗೊಂಡು ಕೊಡ್ತದ. ನನ್ನ ಉಸ್ತಾದ ಹತ್ತೇ ಸುತ್ತು ಸುತ್ತಿದ್ದ. ಬಲಗೈ ಸತ್ತಂಗಾತು. ಬೀಡಿ ಸುಟ್ಟು ಬೆರಳಿಗೆ ಬಂದ್ರೂ ತಿಳೀತಿದ್ದಿಲ್ಲ.”

“ಹಾಗಾದ್ರೆ ಬ್ಲಡ್ ಬ್ಯಾಂಕ್ ಅನ್ನಿ ಅಂಕಲ್. ಒಳ್ಳೆಯದೇ ಆಯ್ತು.”

ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಲೋಕಲ್‌ನಲ್ಲಿ ಠಾಣೆಗೆ ಬಂದಳು. ಲೇಡಿಸ್ ಬೋಗಿಯಲ್ಲಿ ಒಬ್ಬಾಕೆ ಮೂಗು ಮುಚ್ಚಿಕೊಂಡು ಕೇಳಿದಳು, “ಅಚಾರ್ ಹೈ ಕ್ಯಾ?” ಉಪ್ಪಿನಕಾಯಿ ಅಂದುಕೊಂಡಿದ್ದಳು.

ಬ್ಲಡ್ ಬ್ಯಾಂಕ್ ಎಂಬ ಮಾತು ಸುಮ್ಮನೆ ಬಂದದ್ದಲ್ಲ. ಹಿಂದಿನ ದಿನವೂ ಅವಳು ಅಲ್ಲಿ ಸಾಲಿನಲ್ಲಿ ನಿಂತಿದ್ದಳು. ಅವಳ ಅಮ್ಮ ಸುಗುಣಾಳ ಮೈ ರಕ್ತ ತಯಾರಿಸುವುದನ್ನು ಬಿಟ್ಟಿತ್ತು. ನಿಶಾ ಕಂಡಾಗಿನಿಂದಲೂ ಅಮ್ಮ ಬಿಳಿಚಿಕೊಂಡವಳೇ. ಮಾತ್ರೆ, ಬೀಟ್‌ರೂಟ್, ಖರ್ಜೂರ, ಎಲ್ಲ ಆಗಿತ್ತು. ಒಂದು ವರ್ಷದಿಂದ ಹದಿನೈದು ದಿನಕ್ಕೊಂದು ಬಾಟಲಿ. ಈಗ ಬಾಟಲಿಯೂ ನಿಲ್ಲುತ್ತಿರಲಿಲ್ಲ. ಎರಡು ತಿಂಗಳು, ಹೆಚ್ಚೆಂದರೆ ಮೂರು, ಎಂದಿದ್ದರು ಡಾಕ್ಟರು. ಡೊಂಬಿವಲಿ ಸ್ಟೇಷನ್ನಿನ ಪಕ್ಕ ಸಸ್ಯಾಹಾರಿ ಹೋಟೆಲು ನಡೆಸುವ ಅಪ್ಪ ತಾರಾನಾಥ ಅಂದಿನಿಂದ ಗಲ್ಲಾದಲ್ಲಿ ಕೂತು ಗಿರಾಕಿಗಳಿಗೆ ಎರಡೆರಡು ಸಲ ಚಿಲ್ಲರೆ ಕೊಡುತ್ತಿದ್ದರು.

*

ಫಿಲ್ಮು ಒಣಗಿ ಸೆಟೆದಿತ್ತು. ಯಂತ್ರಕ್ಕೆ ಕೊಟ್ಟರೆ ತುಂಡಾಗುವಂತಿತ್ತು. ಬಿಳಿ ಹತ್ತಿಯ ಕೈಗವಸು ಹಾಕಿಕೊಂಡು, ಮೇಜಿನ ಮೇಲಿನ ಹಿಡಿಕೆ ತಿರುಗಿಸಿ, ಅಡಿ ಅಡಿಯಾಗಿ ಒರೆಸುತ್ತಾ ಸುತ್ತಬೇಕು. ಸಾವಿರ ಅಡಿ. ದಿನಕ್ಕೆ ಇನ್ನೂರು ಮಾಡಿದರೂ ಹೆಚ್ಚು.

ಮೊದಲ ದಿನ ಇನ್ನೂರು ಅಡಿ ಮುಗಿಸಿ ಕೈಗವಸು ಕಳಚಿದಾಗ ಬೆರಳ ತುದಿಗಳು ತಣ್ಣಗಿದ್ದವು. ಏಸಿ ಹೆಚ್ಚಾಯಿತು ಅಂದುಕೊಂಡಳು. ಕ್ಯಾಂಟೀನಿನ ಚಹಾದ ಗ್ಲಾಸು ಹಿಡಿದಳು. ಬಿಸಿ ತಿಳಿಯಲಿಲ್ಲ.

ಆಗಲೇ ಅಪ್ಪನ ಫೋನು. ಬಾಟಲಿ ಏರಿಸುವ ಮುಂಚೆ ರಕ್ತ ಪರೀಕ್ಷೆ ಮಾಡಿದರಂತೆ. ಹಿಮೋಗ್ಲೋಬಿನ್ ಐದೂವರೆ ಇದ್ದದ್ದು ಆರೂ ಮುಕ್ಕಾಲು. “ಲ್ಯಾಬಿನವರಿಗೆ ತಪ್ಪಿರಬೇಕು ಅಂತ ಎರಡು ಸಲ ಮಾಡಿದ್ರು ಮಗಾ,” ಎಂದರು ತಾರಾನಾಥ. “ತಪ್ಪಿಲ್ಲ ಅಂತೆ.”

ಎರಡನೆಯ ದಿನ ಭೂತಗನ್ನಡಿ ಹಿಡಿದು ಚಿತ್ರಗಳನ್ನು ನೋಡುತ್ತಾ ಸುತ್ತಿದಳು. ಕತೆ ಹಿಂದು ಮುಂದಾಗಿ ಬರುತ್ತಿತ್ತು. ಮೊದಲು ಪಂಜು ಹಿಡಿದ ಊರವರು. ಆಮೇಲೆ ಖಾಲಿ ಮೆಟ್ಟಿಲು. ಆಮೇಲೆ ಮಂಚ. ಮಂಚದ ಮೇಲೆ ಕಣ್ಣು ತೆರೆದುಕೊಂಡು ಸತ್ತ ಹುಡುಗಿ. ಉದ್ದ ಕೂದಲು ನೆಲ ಮುಟ್ಟಿತ್ತು. ಕತ್ತಿನಲ್ಲಿ ಎರಡು ಚುಕ್ಕೆ ಕೆಂಪು ಬಣ್ಣ.

ನಿಶಾ ಭೂತಗನ್ನಡಿ ಕೆಳಗಿಟ್ಟಳು. ಮತ್ತೆ ಎತ್ತಿದಳು.

ಎಡ ಹುಬ್ಬಿನ ಮೇಲಿನ ಮಚ್ಚೆ. ಮೇಲ್ದುಟಿಯ ಆ ಸೊಟ್ಟ. ಹತ್ತೊಂಬತ್ತರ ವಯಸ್ಸಿನ ಅಮ್ಮ.

*

“ಯಾರು ಹೇಳಿದ್ದು ನಿಂಗೆ?” ಸುಗುಣಾ ದಿಂಬಿಗೆ ಒರಗಿ ನಕ್ಕಳು. ಕೆನ್ನೆಯಲ್ಲಿ ಚೂರು ಬಣ್ಣವಿತ್ತು. “ಪಕ್ಕದ್ಮನೆ ಚಂಪಾ ನನ್ನನ್ನು ಕರ್ಕೊಂಡು ಹೋದದ್ದು ಮಾರಾಯ್ತಿ. ಉದ್ದ ಜಡೆಯವಳು ಬೇಕಿತ್ತಂತೆ. ಒಂದೇ ದಿನದ ಕೆಲಸ. ಬಿರಿಯಾನಿ ಕೊಟ್ರು, ನಾನು ಮುಟ್ಟಲಿಲ್ಲ. ವಡಾಪಾವ್ ತರಿಸಿದ್ರು.”

“ಆಕ್ಟಿಂಗ್ ಹೇಗೆ ಮಾಡಿದೆ?”

“ಸಾಯ್ಲಿಕ್ಕೆ ಎಂತ ಆಕ್ಟಿಂಗ್? ಮಲಗಿದ್ರೆ ಆಯ್ತಲ್ಲ. ಆ ಪಿಶಾಚಿಯವನ ಬಾಯಿ ನೋಡಿ ನಗು ಬರ್ತಿತ್ತು. ಹಲ್ಲು ಬಿದ್ದು ಬಿದ್ದು ಹೋಗ್ತಿತ್ತು ಪಾಪ.” ತಲೆಯ ಹಿಂಬದಿ ಸವರಿಕೊಂಡಳು. “ಒಬ್ಬ ಮುದುಕ ಬಂದು ಕೂದಲು ಕಿತ್ತ. ಒಂದೇ ಒಂದು. ಈಗ್ಲೂ ಚಳಿಗಾಲದಲ್ಲಿ ಅಲ್ಲೇ ನೋವು. ಪಪ್ಪನಿಗೆ ಹೇಳ್ಬೇಡ ಆಯ್ತಾ? ಸಿನೆಮಾದವರ ಜೊತೆ ಹೋಗಿದ್ದೆ ಅಂದ್ರೆ ಇನ್ನು ಇಪ್ಪತ್ತು ವರ್ಷ ಅದೇ ಮಾತು.”

ಇಪ್ಪತ್ತು ವರ್ಷ. ಅಮ್ಮ ಹಾಗೆಂದದ್ದು ಕೇಳಿ ನಿಶಾ ಎದ್ದು ಅಡುಗೆಮನೆಗೆ ಹೋದಳು. ಅಳು ಬರುತ್ತದೆ ಎಂದು ಸಿಂಕಿನ ಮುಂದೆ ನಿಂತು ಕಾದಳು. ಬರಲಿಲ್ಲ. ಸಾರು ಬಡಿಸಿಕೊಂಡು ಉಂಡಳು. ಉಪ್ಪಿತ್ತೋ ಇಲ್ಲವೋ ತಿಳಿಯಲಿಲ್ಲ.

ಮೂರನೆಯ ದಿನ ಸ್ಕ್ಯಾನಿಂಗ್ ಕೋಣೆಯಲ್ಲಿ ವಿನೆಗರ್ ವಾಸನೆ ಇರಲಿಲ್ಲ. ಬೇರೆಯವರು ಮೂಗು ಹಿಡಿದು ಓಡಾಡುತ್ತಿದ್ದರು. ಬಾಗಿಲ ಯಂತ್ರ ಅವಳ ಹೆಬ್ಬೆರಳನ್ನು ಗುರುತಿಸಲಿಲ್ಲ. ಒರೆಸಿ ಒತ್ತಿದಳು. ಕೆಂಪು ದೀಪ. ಒಳಗಿನಿಂದ ಬಂದ ಮನೀಷ್ ಬಾಗಿಲು ತೆರೆದು ಕೇಳಿದ, “ಇಂಟರ್‌ವ್ಯೂ ಕೇ ಲಿಯೇ?”

“ಸರ್, ನಿಶಾ.”

ಅವನು ಹಣೆ ಉಜ್ಜಿಕೊಂಡ. “ಅರೇ ಹಾಂ. ನಿಶಾ. ಸಾರಿ ಯಾರ್, ರಿಲೀಸ್‌ ಟೆನ್ಶನ್.”

ಆ ದಿನವೂ ಇನ್ನೂರು ಅಡಿ. ಅಮ್ಮನ ರಕ್ತ ಎಂಟೂ ಮುಕ್ಕಾಲು. ಮಾರನೆಯ ದಿನ ಭಾನುವಾರ, ಆಫೀಸಿಗೆ ರಜೆ. ಸೋಮವಾರ ಬೆಳಿಗ್ಗೆ ನೋಡಿದರೆ ಏಳೂವರೆಗೆ ಇಳಿದಿತ್ತು. ಡಾಕ್ಟರು ತಲೆ ಕೆರೆದುಕೊಂಡರು. ನಿಶಾಳಿಗೆ ಮಾತ್ರ ಯಾವ ಸಂಶಯವೂ ಉಳಿಯಲಿಲ್ಲ. ಲೆಕ್ಕ ನೇರವಾಗಿತ್ತು. ನಿಲ್ಲಿಸಿದರೆ ಇಳಿಯುತ್ತದೆ. ಪೂರ್ತಿ ಸುತ್ತಬೇಕು.

ಸೋಮವಾರ ಇನ್ನೂರು ಅಡಿ ಮುಗಿಸಿ ಮನೆಗೆ ಬಂದಾಗ ಅಪ್ಪ ಎರಡು ತಟ್ಟೆ ಇಟ್ಟಿದ್ದರು. ಬಹಳ ತಿಂಗಳ ಮೇಲೆ ಅಮ್ಮ ಮೇಜಿಗೆ ಬಂದು ಕೂತಿದ್ದಳು. ನಿಶಾ ಮೂರನೆಯ ತಟ್ಟೆ ತಂದುಕೊಂಡಳು. ಅಮ್ಮ ಅವಳನ್ನು ನೋಡಿ ಮುಗುಳ್ನಕ್ಕಳು. ಮನೆಗೆ ಬಂದ ಯಾರನ್ನಾದರೂ ನೋಡಿ ನಗುವಂತೆ.

“ಕೂತ್ಕೊ… ಕೂತ್ಕೊ…” ಎಂದಳು. ಹೆಸರಿಗಾಗಿ ತಡಕಾಡುವುದು ಮುಖದಲ್ಲಿ ಕಂಡಿತು. ತುಂಬಾ ಹೊತ್ತಾದ ಮೇಲೆ, “ನಿಶಾ.”

*

ಮರುದಿನ ಬೆಳಿಗ್ಗೆ ಯಂಕಪ್ಪ ಟಾಕೀಸಿನ ಮೆಟ್ಟಿಲ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಾ ಕೂತಿದ್ದ. ಅವನ ತಲೆಯ ಮೇಲೆ ಹೊಸ ಪೋಸ್ಟರು. ಕಪ್ಪು ಸ್ಯಾಟಿನ್ ಬಟ್ಟೆ ಹೊದ್ದ ಪಿಶಾಚಿ ಬಾಯಿ ತೆರೆದಿದ್ದ. ಶುಕ್ರವಾರದಿಂದ, ದಿನಕ್ಕೆ ನಾಲ್ಕು ಆಟ. ನಿಶಾ ಕೈ ಚಾಚಿದಳು. ಮುದುಕ ಮುಟ್ಟಿ, ಬಿಟ್ಟ.

“ಎಷ್ಟು ಉಳದದ?”

“ಇನ್ನೂರು ಅಡಿ.”

“ನಾ ಹೇಳಿದ್ದೆ.”

“ಆ ಹುಡುಗಿ ನನ್ನ ಅಮ್ಮ, ಅಂಕಲ್.”

ಯಂಕಪ್ಪ ತಲೆಯ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ರಸ್ತೆಯಲ್ಲಿ ರಿಕ್ಷಾದವರು ಭಿವಂಡಿ, ಭಿವಂಡಿ ಎಂದು ಕೂಗುತ್ತಿದ್ದರು.

“ಪೂರಾ ಸುತ್ತಿದ್ರೆ ಏನಾಗ್ತದೆ?”

“ಪೂರಾ ಸುತ್ತಿದವರು ಯಾರೂ ತಿರುಗಿ ಬಂದು ನನಗ ಹೇಳಿಲ್ಲ, ತಂಗಿ.” ಟೋಪಿ ಮತ್ತೆ ತಲೆಗೆ ಹಾಕಿಕೊಂಡು ಅಂದ, “ಸುತ್ತೋದೇ ಆದ್ರ, ಒಂದು ಮಾಡು. ಮೊದಲ ಜೋಡಣಿ ಬರ್ತದ. ಕೂದಲು ಅದರಾಗ ಅದ. ಅದನ್ನ ಕತ್ತರಿಸಿ ಸುಟ್ಟುಬಿಡು. ರೀಲು ಖಾಲಿ ಆಗಿರ್ತದ, ಆಕಿಗೇನೂ ಆಗಂಗಿಲ್ಲ. ತುಂಬಿದ್ದಾಗ ಸುಡಾಕ ನನಗ ಧೈರ್ಯ ಆಗಲಿಲ್ಲ. ಇಷ್ಟು ವರ್ಷ ಅದಕ್ಕ ಕಾದೀನಿ.”

“ಸರಿ,” ಎಂದಳು ನಿಶಾ.

“ಹೆದರಿಕಿ ಆಗಂಗಿಲ್ಲೇನು?”

ಅವಳು ಯೋಚಿಸಿದಳು. ಹೆದರಿಕೆಯನ್ನು ಎಲ್ಲಿ ಇಟ್ಟಿದ್ದೆ ಎಂದು ಹುಡುಕುವವಳಂತೆ. “ಇಲ್ಲ,” ಎಂದಳು.

*

ಮಂಗಳವಾರ ಮಧ್ಯಾಹ್ನ ಮೂರು ಗಂಟೆ. ಹೊರಗೆ ಬಿಸಿಲು. ಕೋಣೆಗೆ ಕಿಟಕಿಯಿಲ್ಲ. ಮೇಜಿನ ಬಿಳಿ ದೀಪ, ಹಿಡಿಕೆಯ ಕಿರಕಿರ, ಏಸಿಯ ಗುಂಯ್. ಪಕ್ಕದಲ್ಲಿ ಬ್ಲೇಡು, ಬೆಂಕಿಪೊಟ್ಟಣ.

ನೂರೈವತ್ತು ಅಡಿ ಉಳಿದಿತ್ತು. ಭೂತಗನ್ನಡಿಯ ಕೆಳಗೆ ಪಿಶಾಚಿ ಅಮ್ಮನ ಕತ್ತಿನಿಂದ ಬಾಯಿ ತೆಗೆದ. ಎರಡು ಕೆಂಪು ಚುಕ್ಕೆ ಅಳಿಸಿಹೋದವು. ಅಮ್ಮನ ಕಣ್ಣಿಗೆ ಜೀವ ಬಂತು. ಅವನು ಹಿಂದೆ ಹಿಂದೆ ಸರಿದ. ಕೈಯ ತಂಪು ಮೊಣಕೈ ದಾಟಿತು. ಭುಜ ದಾಟಿತು.

ನೂರು ಅಡಿ. ಅವನು ಬಾಗಿಲ ಬಳಿ ಹೋಗಿ ನಿಂತ.

ಎಂಬತ್ತು. ಅವನ ಮುಖ ಮಸುಕಾಗಿತ್ತು. ಬಣ್ಣ ಹಾರಿರಬೇಕು. ಒರೆಸಿದಳು. ಮುಂದಿನ ಚೌಕದಲ್ಲಿ ಇನ್ನೂ ಮಸುಕು.

ಐವತ್ತು. ಮುಖವಿಲ್ಲ. ಸ್ಯಾಟಿನ್ ಬಟ್ಟೆ ಮಾತ್ರ ಮನುಷ್ಯನ ಆಕಾರದಲ್ಲಿ ನಿಂತಿತ್ತು. ಒಳಗೆ ಯಾರೂ ಇರಲಿಲ್ಲ. ಯಾರೋ ಹಾಕಿಕೊಳ್ಳಲಿ ಎಂದು ಹಿಡಿದು ನಿಂತಂತೆ.

ನಿಲ್ಲಿಸಬೇಕು ಅನ್ನಿಸಿತು. ಕೈ ನಿಲ್ಲಲಿಲ್ಲ. ಹಿಡಿಕೆ ತಿರುಗುತ್ತಿತ್ತು. ಅವಳು ತಿರುಗಿಸುತ್ತಿದ್ದಳೋ, ಅದು ಅವಳನ್ನು ತಿರುಗಿಸುತ್ತಿತ್ತೋ.

ಮೂವತ್ತು.

ಫೋನು ಬೆಳಗಿತು. ಪಪ್ಪ. ಹನ್ನೆರಡು. ಅಮ್ಮನ ರಕ್ತ ಹನ್ನೆರಡು. ಓದಿದಳು. ಓದುತ್ತಿರುವಾಗಲೇ ಪಪ್ಪ ಎಂಬ ಹೆಸರು ಪರದೆಯಿಂದ ಹೋಯಿತು. ಬರೀ ನಂಬರು ಉಳಿಯಿತು. ಆಮೇಲೆ ನಂಬರೂ ಇಲ್ಲ.

ಹತ್ತು. ಐದು. ಕಿರಕಿರ. ಕಿರಕಿರ.

ಜೋಡಣೆ ಬಂತು. ಅಂಟಿನೊಳಗೆ ಕೂದಲು. ಕಪ್ಪು. ನಿನ್ನೆ ಕಿತ್ತಂತೆ ಹೊಳೆಯುತ್ತಿತ್ತು. ಈಗ. ಈಗಲೇ. ಬ್ಲೇಡಿನತ್ತ ಕೈ ಚಾಚಿದಳು. ಕೈಗವಸು ಚಾಚಿತು. ಒಳಗೆ ಬೆರಳಿರಲಿಲ್ಲ. ಬ್ಲೇಡು ಅಲ್ಲೇ ಇತ್ತು. ಮೇಜಿನ ದೀಪ ಅಲ್ಲೇ ಇತ್ತು. ಬೆಳಕು ಅವಳ ಹಿಂದಿನಿಂದ ಬಿದ್ದಿತು. ಅವಳ ಮೂಲಕ ಬಿದ್ದಿತು.

ಕಿರಕಿರ ನಿಂತಿತು.

ಸಂಜೆ ಐದಕ್ಕೆ ಮನೀಷ್ ಬಂದು ನೋಡಿದ. ರೀಲು ಚೊಕ್ಕವಾಗಿ ಸುತ್ತಿ, ಮೊದಲು ಹೊರಗೆ ಬಂದು ಕೂತಿತ್ತು. ಮೇಜಿನ ಮುಂದೆ ಖಾಲಿ ಕುರ್ಚಿ. “ಕಿಸ್ನೇ ಕಿಯಾ ಯೇ?” ಯಾರು ಮಾಡಿದ್ದೆಂದು ಎರಡು ಸಲ ಕೂಗಿದ. ಯಾರಿಗೂ ಗೊತ್ತಿರಲಿಲ್ಲ. ಹೊತ್ತಾಗುತ್ತಿತ್ತು. ಅವನೇ ಸ್ಕ್ಯಾನರಿಗೆ ಹಾಕಿ ಗುಂಡಿ ಒತ್ತಿದ.

*

ಶುಕ್ರವಾರ ಹನ್ನೆರಡೂವರೆಯ ಆಟ. ಕಲ್ಯಾಣದ ಟಾಕೀಸು ಬಹಳ ವರ್ಷದ ಮೇಲೆ ತುಂಬಿತ್ತು. ಕಾಲೇಜಿನ ಹುಡುಗ ಹುಡುಗಿಯರು ಮೊದಲ ದೃಶ್ಯದಿಂದಲೇ ಸೀಟಿ ಹೊಡೆದು ನಗುತ್ತಿದ್ದರು. ಹಲ್ಲು ಬೀಳುವಂತಿದ್ದ ಪಿಶಾಚಿ ನಾಲ್ಕು ರೀಲು ಅವರನ್ನು ನಗಿಸಿದ.

ಐದನೆಯದು ಶುರುವಾಯಿತು.

ನಿಶಾಳಿಗೆ ಮೊದಲು ತಿಳಿದದ್ದು ವಾಸನೆ. ಎಷ್ಟೋ ದಿನದ ಮೇಲೆ ವಾಸನೆ. ಪಾಪ್‌ಕಾರ್ನ್, ಬೆವರು, ಒದ್ದೆ ಸೀಟು. ಅದರ ಕೆಳಗೆ ಇನ್ನೊಂದು. ಬೆಚ್ಚಗಿನದು. ಮುನ್ನೂರು ಮೈಗಳಲ್ಲಿ ಹರಿಯುತ್ತಿದ್ದದ್ದು. ಎದುರಿಗೆ ಕತ್ತಲು, ಕತ್ತಲಲ್ಲಿ ಸಾಲು ಸಾಲು ಮುಖಗಳು. ಅವಳ ಭುಜದ ಮೇಲೆ ಸ್ಯಾಟಿನ್ ಭಾರ. ಹಿಂದೆ ಬಾಗಿಲು. ಮುಂದೆ ಮಂಚ. ಮಂಚದ ಮೇಲೆ ಹತ್ತೊಂಬತ್ತರ ಹುಡುಗಿ ನಗು ತಡೆದುಕೊಂಡು ಮಲಗಿದ್ದಳು.

“ನೋಡಿ, ನೋಡಿ! ನಾನೇ ಅದು!” ಮೂರನೆಯ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತಳು. ಕೆನ್ನೆ ಕೆಂಪಗಿತ್ತು. ಮೈ ತುಂಬಿಕೊಂಡಿತ್ತು.

“ಕೂತ್ಕೊ ಸುಗುಣಾ,” ಎಂದರು ಪಕ್ಕದ ತಾರಾನಾಥ. “ಹಿಂದಿನವರು ಬಯ್ತಾರೆ. ಇಷ್ಟು ವರ್ಷ ಹೇಳ್ಲಿಲ್ಲ ನೀನು, ಈಗ ಊರಿಗೆಲ್ಲ ಹೇಳ್ತೀಯಾ?”

“ಆದ್ರೆ ಪಿಶಾಚಿ ಗಂಡಸಲ್ವಾ ಇದ್ದದ್ದು? ಇದು ಯಾರೋ ಹುಡುಗಿ.”

“ಹೊಸತು ಸೇರಿಸಿರ್ಬೇಕು. ಈಗ ಕಂಪ್ಯೂಟರಲ್ಲಿ ಎಂತ ಬೇಕಾದ್ರೂ ಮಾಡ್ತಾರೆ.”

ಸುಗುಣಾ ಪರದೆಯನ್ನೇ ನೋಡಿದಳು. “ಚಂದ ಇದ್ದಾಳೆ,” ಎಂದಳು. “ನಮ್ಮ ಕಡೆಯವಳ ಹಾಗೆ.”

ಹೋಗು ಅಮ್ಮ, ಎಂದಳು ನಿಶಾ. ಎದ್ದು ಹೊರಗೆ ಹೋಗು. ಮಾತು ಬಾಯಿಯಿಂದ ಬರಲಿಲ್ಲ. ಈ ದೃಶ್ಯದಲ್ಲಿ ಪಿಶಾಚಿಗೆ ಮಾತಿರಲಿಲ್ಲ. ಕಾಲು ತಾನೇ ಮುಂದೆ ಹೋಯಿತು. ನಿಲ್ಲಿಸಲು ನೋಡಿದಳು. ಚಿತ್ರ ಮುಂದೆ ಓಡುತ್ತಿತ್ತು. ಇನ್ನೊಂದು ಹೆಜ್ಜೆ.

ಬಾಗಿಲ ಪರದೆಯ ಬಳಿ ನಿಂತಿದ್ದ ಯಂಕಪ್ಪನಿಗೆ ಆ ಮುಖ ಯಾರದೆಂದು ಹೊಳೆಯಲಿಲ್ಲ. ಅವನು ಕೈ ನೋಡಿದ. ಸ್ಯಾಟಿನ್ ಬಟ್ಟೆಯಿಂದ ಹೊರಗೆ ಚಾಚಿದ್ದ ಎರಡು ಕೈಗಳಲ್ಲಿ ಬಿಳಿ ಹತ್ತಿಯ ಕೈಗವಸು. ಯಾರೋ ಪೂರಾ ಸುತ್ತಿದ್ದಾರೆ.

ಮುದುಕ ಮೆಟ್ಟಿಲು ಹತ್ತಿ ಓಡಿದ. ದಮ್ಮು ಕಟ್ಟಿತು. ಬಾಗಿಲು ತಳ್ಳಿದ. ಅವನು ಮೂವತ್ತು ವರ್ಷ ಎಣ್ಣೆ ಹಾಕಿದ್ದ ಯಂತ್ರಗಳು ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದವು. ಅವುಗಳ ಜಾಗದಲ್ಲಿ ಡಿಜಿಟಲ್ ಪ್ರೊಜೆಕ್ಟರಿನ ಬೀಗ ಹಾಕಿದ ಉಕ್ಕಿನ ಪೆಟ್ಟಿಗೆ. ಹಸಿರು ದೀಪ ಮಿನುಗುತ್ತಿತ್ತು. ರೀಲಿಲ್ಲ. ಹಿಡಿಕೆಯಿಲ್ಲ. ಯಂಕಪ್ಪ ಪೆಟ್ಟಿಗೆಯ ನಾಲ್ಕೂ ಬದಿ ಸವರಿದ. ಎರಡೂ ಅಂಗೈಯಿಂದ ಬಡಿದ. ಹಸಿರು ದೀಪ ಮಿನುಗುತ್ತಲೇ ಇತ್ತು. ಠಾಣೆ, ವಾಶಿ, ಭಿವಂಡಿ, ಇದೇ ಹೊತ್ತಿಗೆ ನಲವತ್ತು ಊರುಗಳಲ್ಲಿ ಮಿನುಗುತ್ತಿತ್ತು.

ಕೆಳಗೆ ನಿಶಾ ಬಾಗಿದಳು.

ಮುನ್ನೂರು ಜನ ಒಟ್ಟಿಗೆ ಚೀರಿದರು. ಆಮೇಲೆ ಚಪ್ಪಾಳೆ ತಟ್ಟಿದರು.